ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರೌಢಶಾಲೆಯ ಮೇಷ್ಟ್ರಿಗೆ ಸಲ್ಲಬೇಕಾದ ಗೌರವ

ಸೆಪ್ಟೆಂಬರ್ 5 ಹತ್ತಿರವಾದಂತೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಪ್ರೌಢಶಾಲೆಯ ಶಿಕ್ಷಕರನ್ನು ಕುರಿತಾಗಿದ್ದವು. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರನ್ನೂ ಅವರ ಶಾಲೆಗಳ ಹೆಸರನ್ನೂ ಕೈಬಿಟ್ಟಿದೆ.

ಪ್ರಶ್ನೆ: ನಾವು ಒಂದೇ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದ ಗೆಳೆಯರು. ನಮಗೆ ಗಣಿತ ಕಲಿಸಿದ ಮೇಷ್ಟ್ರು ಮುಂದಿನ ವರ್ಷ ವಯೋನಿವೃತ್ತಿ ಹೊಂದಲಿದ್ದಾರೆ. ಗುರುವಂದನೆ ಮಾಡಬೇಕೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಣ ಸೇರಿಸುತ್ತಿದ್ದೇವೆ. ಚಿನ್ನದ ಉಂಗುರ ತೊಡಿಸೋಣವೆಂದು ಕೆಲವರು, ಶಾಸಕರನ್ನು ಕರೆದು ದೊಡ್ಡ ವೇದಿಕೆ ಹಾಕಿಸೋಣವೆಂದು ಕೆಲವರು ಹೇಳುತ್ತಿದ್ದಾರೆ. ನಿಮ್ಮ ಸಲಹೆ ಏನು?
— ಹಳೆಯ ವಿದ್ಯಾರ್ಥಿಗಳ ಪರವಾಗಿ, ಹಾವೇರಿ ಜಿಲ್ಲೆ

ಉತ್ತರ: ಅವರು ಇನ್ನೂ ಸೇವೆಯಲ್ಲಿರುವಾಗಲೇ ನಿಮಗೆ ಈ ಯೋಚನೆ ಬಂದಿರುವುದು ಸಂತೋಷದ ವಿಷಯ. ಬಹಳಷ್ಟು ಶಿಕ್ಷಕರಿಗೆ ಮೊದಲ ಒಳ್ಳೆಯ ಮಾತು ಕೇಳಿಸುವುದು ಬೀಳ್ಕೊಡುಗೆಯ ದಿನವೇ. ಆ ಮಾತು ಹತ್ತು ವರ್ಷ ಮೊದಲು ಸಿಕ್ಕಿದ್ದರೆ ಅವರ ಕೆಲಸಕ್ಕೆ ಎಷ್ಟು ಬಲ ಬರುತ್ತಿತ್ತೆಂದು ನಾವು ಯೋಚಿಸುವುದಿಲ್ಲ.

ಉಂಗುರ ಮತ್ತು ವೇದಿಕೆಯ ವಿಷಯವನ್ನು ಬದಿಗಿಟ್ಟು, ಮೊದಲು ಆ ಮೇಷ್ಟ್ರು ಏನು ಮಾಡಿದರು ಎಂಬುದನ್ನು ಬರೆದಿಡಿ. ‘ನಿಸ್ವಾರ್ಥ ಸೇವೆ ಸಲ್ಲಿಸಿದರು’, ‘ಜ್ಞಾನದ ದೀಪ ಬೆಳಗಿದರು’ ಎಂಬಂಥ ಮಾತುಗಳು ಯಾವ ಶಿಕ್ಷಕರಿಗಾದರೂ ಹೊಂದುವುದರಿಂದ ಯಾರಿಗೂ ನಿಜವಾಗಿ ಸಲ್ಲುವುದಿಲ್ಲ. ಬೀಜಗಣಿತವೆಂದರೆ ಹೆದರುತ್ತಿದ್ದವನಿಗೆ ಅದು ಯಾವ ಲೆಕ್ಕದಿಂದ ಅರ್ಥವಾಯಿತು, ಪ್ರಮೇಯಗಳನ್ನು ಬಾಯಿಪಾಠ ಮಾಡಿಸದೆ ಅಂಗಳದಲ್ಲಿ ಹಗ್ಗ ಎಳೆದು ಹೇಗೆ ತೋರಿಸಿದರು, ಪರೀಕ್ಷೆಗೆ ಮುಂಚಿನ ವಿಶೇಷ ತರಗತಿಗೆ ಬಸ್ಸಿಲ್ಲದ ಊರಿನ ಮಕ್ಕಳು ಹೇಗೆ ಬಂದು ಹೋಗುತ್ತಿದ್ದರು, ಶುಲ್ಕ ಕಟ್ಟಲಾಗದವರ ಹಣವನ್ನು ಯಾರು ಕಟ್ಟಿದರು ಎಂಬಂಥ ಸಂಗತಿಗಳನ್ನು ನಿಮ್ಮ ಬ್ಯಾಚಿನ ಪ್ರತಿಯೊಬ್ಬರಿಂದಲೂ ಒಂದೊಂದು ಪುಟದಂತೆ ಬರೆಸಿಕೊಳ್ಳಿ. ಅದರಲ್ಲಿಯೂ ಗಣಿತದಲ್ಲಿ ಕಷ್ಟಪಟ್ಟು ಪಾಸಾದವರಿಂದ ಬರೆಸುವುದನ್ನು ಮರೆಯಬೇಡಿ. ಜಾಣ ಮಕ್ಕಳು ಯಾವ ಮೇಷ್ಟ್ರ ಕೈಯಲ್ಲಿಯೂ ಅಷ್ಟಿಷ್ಟು ಕಲಿಯುತ್ತಾರೆ, ಹಿಂದಿನ ಬೆಂಚಿನವರು ಏನು ಕಲಿತರೆಂಬುದರಲ್ಲಿ ಶಿಕ್ಷಕರ ಶ್ರಮ ಕಾಣುತ್ತದೆ. ಆ ಪುಟಗಳನ್ನು ಹೊಲಿಸಿ ಒಂದು ಪ್ರತಿಯನ್ನು ಅವರಿಗೆ, ಇನ್ನೊಂದನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟರೆ ಮುಂದೆ ಬರುವ ಗಣಿತ ಶಿಕ್ಷಕರಿಗೂ ಅದು ಪ್ರಯೋಜನವಾದೀತು.

ಉಡುಗೊರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೇವೆಯಲ್ಲಿರುವ ಸರ್ಕಾರಿ ನೌಕರರು ಬೆಲೆಬಾಳುವ ಕೊಡುಗೆಗಳನ್ನು ಪಡೆಯುವುದಕ್ಕೆ ನಡತೆ ನಿಯಮಗಳ ಮಿತಿಯಿದೆ. ಅಭಿಮಾನದಿಂದ ಕೊಟ್ಟದ್ದು ಅವರಿಗೆ ತೊಡಕಾಗಬಾರದು. ಅದರ ಬದಲು ಸೇರಿದ ಹಣವನ್ನು ಅವರ ಹೆಸರಿನ ದತ್ತಿನಿಧಿಯಾಗಿ ಬ್ಯಾಂಕಿನಲ್ಲಿಟ್ಟು, ಬರುವ ಬಡ್ಡಿಯಿಂದ ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಯ ತಯಾರಿ ಪುಸ್ತಕಗಳನ್ನು ಕೊಡಿಸಬಹುದು. ಕಡಿಮೆ ಆದಾಯದ ಮನೆಗಳಿಂದ ಬಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ಮಕ್ಕಳು ಆ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಪಠ್ಯದ ಹೊರಗಿನ ಆ ತಯಾರಿಯನ್ನು ಮಾಡಿಸುವವರು ಉತ್ಸಾಹಿ ಶಿಕ್ಷಕರೇ, ಅದೂ ಶಾಲೆಯ ಅವಧಿ ಮುಗಿದ ಮೇಲೆ. ಆದರೆ ಯಾವ ಉದ್ದೇಶಕ್ಕೆ ನಿಧಿಯಿಡಬೇಕೆಂಬುದನ್ನು ಮೇಷ್ಟ್ರನ್ನೇ ಕೇಳಿ. ಶಾಲೆಗೆ ಯಾವುದರ ಕೊರತೆಯಿದೆಯೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಶಾಸಕರು ಬರುವುದಾದರೆ ಬರಲಿ, ಸ್ವಾಗತಿಸಿ. ಆದರೆ ಮೇಷ್ಟ್ರು ಮಾತನಾಡುವ ಹೊತ್ತಿಗೆ ಜನ ಊಟಕ್ಕೆ ಎದ್ದಿರುವ ಪರಿಸ್ಥಿತಿ ಬಾರದಂತೆ ಅವರ ಮಾತನ್ನು ಮೊದಲಿಗೇ ಇರಿಸಿ. ಕೆಲವು ಊರುಗಳ ಗುರುವಂದನೆಗಳಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ತಮ್ಮ ಹಿಂದಿನ ತರಗತಿಯಲ್ಲಿ ಕುಳಿತು, ಹಾಜರಿ ಕೂಗಿಸಿಕೊಂಡು, ಅದೇ ಮೇಷ್ಟ್ರಿಂದ ಒಂದು ಪಾಠ ಕೇಳುವ ಪದ್ಧತಿಯಿದೆ. ಶಾಲು, ಪೇಟ, ಫಲತಾಂಬೂಲಗಳಿಗಿಂತ ಅದೇ ನನಗೆ ಹೆಚ್ಚು ಮೆಚ್ಚುಗೆಯ ಭಾಗ. ಕಲಿಸುವ ಮನುಷ್ಯನನ್ನು ಕಲಿಸಲು ಬಿಡುವುದರಲ್ಲಿ ಅವರ ಕೆಲಸಕ್ಕೇ ನೇರವಾಗಿ ಮರ್ಯಾದೆ ಸಲ್ಲುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ಬಹಳ ಶ್ರದ್ಧೆಯಿಂದ ದುಡಿಯುವವರು. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಹಾಕಿರೆಂದರೆ ‘ಪ್ರಶಸ್ತಿಯನ್ನು ಕೇಳಿ ಪಡೆಯುವುದೇ?’ ಎನ್ನುತ್ತಾರೆ. ಅವರನ್ನು ಒಪ್ಪಿಸುವುದು ಹೇಗೆ?
— ಸಹೋದ್ಯೋಗಿ, ತುಮಕೂರು ಜಿಲ್ಲೆ

ಉತ್ತರ: ಅವರ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೆ ಈ ಪದ್ಧತಿ ಹೇಗೆ ಬಂತೆಂಬುದನ್ನೂ ಅವರಿಗೆ ತಿಳಿಸಿ. 1958ರಲ್ಲಿ ಆರಂಭವಾದ ಈ ಪ್ರಶಸ್ತಿಗೆ ಬಹುಕಾಲ ರಾಜ್ಯ ಸರ್ಕಾರಗಳೇ ಹೆಸರುಗಳನ್ನು ಕಳುಹಿಸುತ್ತಿದ್ದವು. ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಅದು ಸಲ್ಲುತ್ತಿತ್ತು. 2018ರಲ್ಲಿ ನಿಯಮ ಬದಲಾಗಿ, ಶಿಕ್ಷಕರೇ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸುವ, ಜಿಲ್ಲಾ ಸಮಿತಿ, ರಾಜ್ಯ ಸಮಿತಿ ಮತ್ತು ರಾಷ್ಟ್ರ ಮಟ್ಟದ ಸ್ವತಂತ್ರ ತೀರ್ಪುಗಾರರ ಮಂಡಳಿ ಎಂಬ ಮೂರು ಹಂತಗಳನ್ನು ದಾಟುವ ಕ್ರಮ ಜಾರಿಗೆ ಬಂತು. ಆ ವರ್ಷ ಇಡೀ ದೇಶದಲ್ಲಿ ಆಯ್ಕೆಯಾದವರು 45 ಮಂದಿ ಮಾತ್ರ. ಮೇಲಿನವರ ಕೃಪೆಯಿಲ್ಲದ ಹಳ್ಳಿ ಶಾಲೆಯ ಶಿಕ್ಷಕಿಯೂ ಯಾರ ಮನೆ ಬಾಗಿಲಿಗೂ ಹೋಗದೆ ತನ್ನ ಕೆಲಸವನ್ನು ಮಂಡಳಿಯ ಮುಂದಿಡಲು ಈ ಕ್ರಮದಲ್ಲಿ ಅವಕಾಶವಿದೆ. ಖಾಸಗಿ ಟ್ಯೂಷನ್ ನಡೆಸುವವರು ಅರ್ಹರಲ್ಲವೆಂಬ ಷರತ್ತೂ ಇದೆ, ಅದು ಸರಿಯಾದ ಷರತ್ತು.

ಹೀಗಿದ್ದರೂ ಅರ್ಜಿಯ ಪದ್ಧತಿಯಲ್ಲಿ ದೊಡ್ಡ ಕೊರತೆಯೊಂದು ಉಳಿದಿದೆ. ಫೋಟೊ, ವಿಡಿಯೊ, ದಾಖಲೆಗಳನ್ನು ಜೋಡಿಸುವುದರಲ್ಲಿ ಚುರುಕಾದವರಿಗೆ ಅನುಕೂಲವಾಗುತ್ತದೆ, ತರಗತಿಯೊಳಗೆ ಮುಳುಗಿಹೋದವರ ಬಳಿ ತೋರಿಸಲು ಏನೂ ಇರುವುದಿಲ್ಲ. ತೀರ್ಪುಗಾರರು ಶಾಲೆಗೆ ಬಂದು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರುವುದು ಮತ್ತು ಸಹೋದ್ಯೋಗಿಗಳೂ ಪೋಷಕರೂ ಹೆಸರು ಸೂಚಿಸುವುದು ಸಾಧ್ಯವಾಗಬೇಕೆಂದು ನನ್ನ ದೃಢ ಅಭಿಪ್ರಾಯ. ಅಲ್ಲಿಯವರೆಗೆ ನೀವು ಮಾಡಬಹುದಾದ ಕೆಲಸವೊಂದಿದೆ. ಅವರು ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಯಾವ ಪ್ರಯೋಗಗಳನ್ನು ಯಾವ ವಸ್ತುಗಳಿಂದ ಮಾಡಿ ತೋರಿಸುತ್ತಾರೆ, ಇನ್‌ಸ್ಪೈರ್ ಅವಾರ್ಡ್ ಸ್ಪರ್ಧೆಗೆ ಮಕ್ಕಳ ಯಾವ ಕಲ್ಪನೆಗಳನ್ನು ಕಳುಹಿಸಿದರು ಎಂಬುದನ್ನು ಈ ವರ್ಷವಿಡೀ ನೀವೇ ದಾಖಲಿಸಿಕೊಂಡು ಬನ್ನಿ. ವರ್ಷದ ಕೊನೆಯಲ್ಲಿ ಆ ದಾಖಲೆಯನ್ನು ಅವರ ಕೈಗಿಟ್ಟರೆ ಅರ್ಜಿ ಹಾಕುವುದೋ ಬಿಡುವುದೋ ಅವರೇ ನಿರ್ಧರಿಸಲಿ. ಬೇಡವೆಂದರೆ ಒತ್ತಾಯಿಸಬೇಡಿ.

ಪ್ರಶ್ನೆ: ಶಾಲಾಭಿವೃದ್ಧಿ ಸಮಿತಿಯ ವತಿಯಿಂದ ಪ್ರತಿವರ್ಷ ಒಬ್ಬ ಶಿಕ್ಷಕರನ್ನು ಸನ್ಮಾನಿಸುತ್ತೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಯಾರ ವಿಷಯದ ಫಲಿತಾಂಶ ನೂರಕ್ಕೆ ನೂರು ಬಂದಿದೆಯೋ ಅವರಿಗೇ ಸನ್ಮಾನವೆಂಬುದು ನಮ್ಮ ನಿಯಮ. ಇದು ನ್ಯಾಯವಲ್ಲವೆಂದು ಈ ಸಲ ಕೆಲವರು ತಕರಾರು ತೆಗೆದಿದ್ದಾರೆ.
— ಸಮಿತಿಯ ಸದಸ್ಯರು, ಯಾದಗಿರಿ ಜಿಲ್ಲೆ

ಉತ್ತರ: ತಕರಾರು ತೆಗೆದವರ ಪರವಾಗಿ ನಾನೂ ಒಂದು ಮತ ಹಾಕುತ್ತೇನೆ. ಫಲಿತಾಂಶ ಮುಖ್ಯವಲ್ಲವೆಂದು ಹೇಳುವವನಲ್ಲ ನಾನು. ಹತ್ತನೆಯ ತರಗತಿ ಪಾಸಾಗದ ಮಗುವಿಗೆ, ಅದರಲ್ಲಿಯೂ ಹೆಣ್ಣುಮಗುವಿಗೆ, ನಮ್ಮ ಹಳ್ಳಿಗಳಲ್ಲಿ ಮುಂದಿನ ಬಾಗಿಲುಗಳು ಎಷ್ಟು ಬೇಗ ಮುಚ್ಚುತ್ತವೆಂದು ನಿಮಗೂ ಗೊತ್ತು. ಆದರೆ ಶೇಕಡಾವಾರು ಸಂಖ್ಯೆಯೊಂದರಿಂದಲೇ ಶಿಕ್ಷಕರನ್ನು ಅಳೆಯಲು ಹೊರಟರೆ ಅಳತೆ ತಪ್ಪುತ್ತದೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89ರಷ್ಟಿತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ, ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಶಿಕ್ಷಕರೆಲ್ಲ ಕಲಿಸುವುದನ್ನು ಮರೆತುಬಿಟ್ಟರೆಂದು ಯಾರೂ ಹೇಳಲಾರರು. ಪರೀಕ್ಷೆ ನಡೆಯುವ ರೀತಿ ಬದಲಾದರೆ ಇಷ್ಟು ಏರುಪೇರಾಗುವ ಅಂಕಿಯನ್ನು ಒಬ್ಬ ಶಿಕ್ಷಕರ ಶ್ರದ್ಧೆಗೆ ಪ್ರಮಾಣಪತ್ರವೆಂದು ಹಿಡಿಯುವುದು ಹೇಗೆ?

ನೂರಕ್ಕೆ ನೂರು ಎಂಬ ನಿಯಮಕ್ಕೆ ಇನ್ನೊಂದು ಕೆಟ್ಟ ಪರಿಣಾಮವಿದೆ. ಓದಿನಲ್ಲಿ ಹಿಂದುಳಿದ ಮಗು ಒಂಬತ್ತರಲ್ಲಿಯೇ ಶಾಲೆ ಬಿಟ್ಟರೆ, ವರ್ಗಾವಣೆ ಪತ್ರ ಪಡೆದು ಬೇರೆಡೆಗೆ ಹೋದರೆ, ಆ ಸಂಖ್ಯೆ ಚಂದವಾಗುತ್ತದೆ. ಅದೇ ಮಗುವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಮನೆ ಮನೆಗೆ ನಡೆದ ಶಿಕ್ಷಕರ ಸಂಖ್ಯೆ ಕೆಡುತ್ತದೆ. ದುಡಿಮೆಗಾಗಿ ಮನೆಮಂದಿಯೆಲ್ಲ ಬೆಂಗಳೂರು, ಪುಣೆಗಳ ಕಡೆ ಗುಳೆ ಹೋಗುವ ನಿಮ್ಮ ಭಾಗದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಮಗುವನ್ನಾದರೂ ಅಜ್ಜಿಯ ಬಳಿ ಬಿಟ್ಟು ಹೋಗಿರೆಂದು ಪೋಷಕರನ್ನು ಒಪ್ಪಿಸುವುದು, ಹದಿನಾಲ್ಕು ಹದಿನೈದರ ಹುಡುಗಿ ತರಗತಿಗೆ ಬರುವುದು ನಿಂತಾಗ ಮದುವೆಯ ಮಾತುಕತೆಯ ವಾಸನೆ ಹಿಡಿದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು, ಊರಿನ ಸಿಟ್ಟಿಗೆ ಗುರಿಯಾದರೂ ಮರುದಿನ ಅದೇ ಊರಿನ ಶಾಲೆಗೆ ಬಂದು ಪಾಠ ಮಾಡುವುದು ಯಾವ ಅಂಕಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.

ನಿಮ್ಮ ಸಮಿತಿ ಕೇಳಬಹುದಾದ ಪ್ರಶ್ನೆಗಳು ಬೇರೆ ಇವೆ. ಎಂಟನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕುಳಿತರು? ಹಿಂದಿನ ತರಗತಿಯ ಕಲಿಕೆಯನ್ನು ಸರಿದೂಗಿಸುವ ಜೂನ್ ತಿಂಗಳ ಸೇತುಬಂಧದಲ್ಲಿ ಕನ್ನಡವನ್ನೇ ಸರಾಗವಾಗಿ ಓದಲಾಗದಿದ್ದ ಮಕ್ಕಳು ಮಾರ್ಚ್ ಹೊತ್ತಿಗೆ ಎಲ್ಲಿಗೆ ಬಂದರು? ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರನ್ನು ಮುಂದಿನ ಪರೀಕ್ಷೆಗೆ ಹುಡುಕಿ ಕರೆತಂದವರು ಯಾರು? ಈ ಕೊನೆಯ ಕೆಲಸ ಬೇಸಿಗೆಯಲ್ಲಿ, ಶಾಲೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ನಡೆಯುತ್ತದೆ. ಮಕ್ಕಳನ್ನೂ ಕೇಳಿ, ಮಕ್ಕಳಿಗೆ ತಿಳಿದಿರುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ನೂರಕ್ಕೆ ನೂರು ತಂದ ಶಿಕ್ಷಕರೇ ಆಯ್ಕೆಯಾದರೂ ಆಗಬಹುದು, ಆಗ ಆ ಸನ್ಮಾನದ ಬಗ್ಗೆ ಯಾರಿಗೂ ಅನುಮಾನವಿರುವುದಿಲ್ಲ.

ಪ್ರಶ್ನೆ: ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ನಮ್ಮ ಕನ್ನಡ ಟೀಚರ್ ನನಗೆ ತುಂಬ ಇಷ್ಟ. ಶಿಕ್ಷಕರ ದಿನಕ್ಕೆ ಎಲ್ಲರೂ ಪೆನ್ನು, ಗುಲಾಬಿ ಕೊಡುತ್ತಾರೆ. ನಾನು ಬೇರೆ ಏನು ಕೊಡಬಹುದು?
— ವಿದ್ಯಾರ್ಥಿನಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಒಂದು ಪತ್ರ ಬರೆಯಮ್ಮ. ಅವರು ಮಾಡಿದ ಯಾವ ಪಾಠ, ಯಾವ ಪದ್ಯ ನಿನಗೆ ಇಷ್ಟವಾಯಿತು, ಅದನ್ನು ಕೇಳಿದ ಮೇಲೆ ನೀನು ಏನು ಓದಿದೆ, ಏನು ಬರೆದೆ ಎಂಬುದನ್ನು ಹೇಳು. ಅರ್ಥವಾಗದೆ ಉಳಿದ ಒಂದು ಪ್ರಶ್ನೆಯನ್ನೂ ಕೊನೆಯಲ್ಲಿ ಕೇಳು, ಕನ್ನಡ ಕಲಿಸುವವರಿಗೆ ಅದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ. ಕಾಗುಣಿತ ತಪ್ಪಿದ್ದರೆ ತಿದ್ದಿ ಕೊಡುತ್ತಾರೆ, ಹೆದರಬೇಡ.

ಪ್ರಶ್ನೆ: ನಮ್ಮ ಊರಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿರುವವರು ಅತಿಥಿ ಶಿಕ್ಷಕರು. ಹಲವು ವರ್ಷಗಳಿಂದ ಬಹಳ ಚೆನ್ನಾಗಿ ಕಲಿಸುತ್ತಿದ್ದಾರೆ. ಪ್ರಶಸ್ತಿಗಳ ಪಟ್ಟಿಯಲ್ಲಿ ಅವರಂಥವರ ಹೆಸರು ಏಕೆ ಕಾಣುವುದಿಲ್ಲ?
— ಪೋಷಕರು, ಚಾಮರಾಜನಗರ ಜಿಲ್ಲೆ

ಉತ್ತರ: ರಾಷ್ಟ್ರೀಯ ಪ್ರಶಸ್ತಿಯ ನಿಯಮಗಳ ಪ್ರಕಾರ ಕಾಯಂ ಶಿಕ್ಷಕರು ಮಾತ್ರ ಅರ್ಹರು. ಗುತ್ತಿಗೆಯ ಮೇಲೆ ದುಡಿಯುವವರಿಗೆ ಅವಕಾಶವಿಲ್ಲ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹುದ್ದೆಗಳು ಖಾಲಿ ಉಳಿದ ಶಾಲೆಗಳಲ್ಲಿ ಪಾಠ ನಡೆಯುತ್ತಿರುವುದೇ ಅತಿಥಿ ಶಿಕ್ಷಕರಿಂದ. ಕಾಯಂ ಶಿಕ್ಷಕರ ವೇತನದ ಸಣ್ಣದೊಂದು ಪಾಲಿನಷ್ಟು ಗೌರವಧನಕ್ಕೆ, ಅದೂ ತಡವಾಗಿ ಕೈಸೇರುವ ಗೌರವಧನಕ್ಕೆ, ಬೇಸಿಗೆಯ ತಿಂಗಳುಗಳಲ್ಲಿ ಏನೂ ಇಲ್ಲದೆ, ಬರುವ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ಉತ್ಸಾಹವನ್ನು ಉಳಿಸಿಕೊಂಡು ಕಲಿಸುವವರ ಶ್ರದ್ಧೆಯನ್ನು ಏನೆಂದು ಹೊಗಳುವುದು!

ಅವರಿಗೆ ಶಾಲು ಹೊದಿಸಿ, ತಪ್ಪಲ್ಲ. ಆದರೆ ಅದಕ್ಕೂ ಮೊದಲು ಸಮಿತಿಯ ಸಭೆಯಲ್ಲಿ ಅವರ ಗೌರವಧನ ಯಾವ ತಿಂಗಳಿನವರೆಗೆ ಪಾವತಿಯಾಗಿದೆಯೆಂದು ಕೇಳಿ, ಬಾಕಿಯಿದ್ದರೆ ಪೋಷಕರೆಲ್ಲ ಸಹಿ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಮನವಿ ಕೊಡಿ. ಇಂಥ ಮನವಿಯನ್ನು ಸ್ವತಃ ಅತಿಥಿ ಶಿಕ್ಷಕರು ಕೊಡಲು ಹಿಂಜರಿಯುತ್ತಾರೆ, ಪೋಷಕರಿಗೆ ಆ ಅಳುಕು ಇರಬೇಕಾಗಿಲ್ಲ. ಶಾಲೆಯ ವಾರ್ಷಿಕ ವರದಿಯಲ್ಲಿ, ಆಹ್ವಾನ ಪತ್ರಿಕೆಯಲ್ಲಿ, ಗುಂಪು ಫೋಟೊದಲ್ಲಿ ಅವರ ಹೆಸರು ಉಳಿದ ಶಿಕ್ಷಕರ ಸಾಲಿನಲ್ಲಿಯೇ ಇರುವಂತೆಯೂ ನೋಡಿಕೊಳ್ಳಿ.

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆ. ಇಲ್ಲಿಯ ಕನ್ನಡ ಶಿಕ್ಷಕರನ್ನು ಕೇರಳವೂ ಗಮನಿಸುವುದಿಲ್ಲ, ಕರ್ನಾಟಕವೂ ಗಮನಿಸುವುದಿಲ್ಲ ಎನಿಸುತ್ತದೆ. ನಾವೇನು ಮಾಡಬಹುದು?
— ಓದುಗರು, ಬದಿಯಡ್ಕ

ಉತ್ತರ: ನೀವು ಬರೆದಿರುವ ಊರಿನ ಪಕ್ಕದಲ್ಲಿಯೇ ಪೆರಡಾಲವಿದೆ. ಅಲ್ಲಿಯ ನವಜೀವನ ಪ್ರೌಢಶಾಲೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಶಿಕ್ಷಕರಾಗಿದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡುತ್ತಲೇ ಕೇರಳದ ಶಾಲೆಯಲ್ಲಿ ಕನ್ನಡ ಮಕ್ಕಳಿಗೆ ಪಾಠ ಹೇಳಿದ ಅವರಿಗೆ 1969ರಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಬಂತು. ಅವರನ್ನು ನಾವು ಕವಿಯೆಂದು, ಹೋರಾಟಗಾರರೆಂದು ನೆನೆಯುವಷ್ಟು ಮೇಷ್ಟ್ರೆಂದು ನೆನೆಯುವುದಿಲ್ಲ. ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡ ಆ ಹಿರಿಯರ ತರಗತಿಯಲ್ಲಿ ಕುಳಿತವರು ಇನ್ನೂ ನಿಮ್ಮ ನಡುವೆ ಇದ್ದಾರೆ. ಅವರು ಹೇಗೆ ಪಾಠ ಮಾಡುತ್ತಿದ್ದರೆಂಬುದನ್ನು ಆ ಹಳೆಯ ವಿದ್ಯಾರ್ಥಿಗಳಿಂದ ಈಗಲೇ ಬರೆಸಿಕೊಳ್ಳುವುದು ನಿಮ್ಮ ಭಾಗದ ಕನ್ನಡ ಸಂಘಗಳು ತುರ್ತಾಗಿ ಮಾಡಬೇಕಾದ ಕೆಲಸ.

ಇಂದಿನ ಶಿಕ್ಷಕರ ವಿಷಯದಲ್ಲಿ ಹೇಳುವುದಾದರೆ, ಅವರು ಕೇರಳದ ಪ್ರಶಸ್ತಿಗಳಿಗೆ ಉಳಿದವರಷ್ಟೇ ಅರ್ಹರು. ಕನ್ನಡದಲ್ಲಿರುವ ಅವರ ಕೆಲಸ ಕನ್ನಡ ಬಾರದ ಸಮಿತಿಗೆ ತಲುಪುವಂತೆ ಮಲಯಾಳದಲ್ಲಿ ವಿವರ ಸಿದ್ಧಪಡಿಸಿ ಕೊಡಲು ಎರಡೂ ಭಾಷೆ ಬಲ್ಲ ನಿಮ್ಮಂಥವರು ನೆರವಾಗಬಹುದು. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಪ್ರಾಥಮಿಕ ಶಾಲೆಯ ರಣಜಿತ್‌ಸಿಂಹ ಡಿಸಲೆಯವರು ಕನ್ನಡ ಮನೆಮಾತಿನ ಮಕ್ಕಳಿಗಾಗಿ ಪಠ್ಯವನ್ನು ಕನ್ನಡಕ್ಕೆ ತಂದರು. 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರೊಡನೆ ಹಂಚಿಕೊಂಡರು. ಗಡಿಯ ಶಾಲೆಯ ಕೆಲಸ ಸರಿಯಾಗಿ ದಾಖಲಾದರೆ ದೂರದವರಿಗೂ ಕಾಣುತ್ತದೆ. ಇನ್ನು ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗಲೆಲ್ಲ ನಿಮ್ಮಲ್ಲಿ ಪೋಷಕರೂ ಮಕ್ಕಳೂ ಪ್ರತಿಭಟಿಸುತ್ತ ಬಂದಿದ್ದೀರಿ. ಕನ್ನಡ ಬಲ್ಲ ಶಿಕ್ಷಕರ ಸ್ಥಾನವನ್ನು ಕಾಯುವ ಆ ಹೋರಾಟವೂ ಅವರಿಗೆ ಸಲ್ಲುವ ಗೌರವವೇ.

ಪ್ರಶ್ನೆ: ನಾನು ಇತ್ತೀಚೆಗೆ ನೇಮಕಗೊಂಡ ಸಮಾಜ ವಿಜ್ಞಾನ ಶಿಕ್ಷಕ. ಉತ್ಸಾಹದಿಂದ ಕೆಲಸ ಮಾಡುತ್ತೇನೆಂದು ಎಲ್ಲರೂ ಹೊಗಳುತ್ತಾರೆ. ಆದರೆ ಆ ಕಾರಣಕ್ಕಾಗಿಯೇ ಮಕ್ಕಳ ವಿವರಗಳನ್ನು ಆನ್‌ಲೈನ್‌ನಲ್ಲಿ ತುಂಬುವ ಸ್ಯಾಟ್ಸ್ ದಾಖಲೆ, ಬಿಸಿಯೂಟದ ಲೆಕ್ಕ, ಪ್ರತಿಭಾ ಕಾರಂಜಿ, ಚುನಾವಣಾ ಕೆಲಸ ಎಲ್ಲವೂ ನನ್ನ ಹೆಗಲಿಗೇ ಬರುತ್ತಿವೆ. ಪಾಠದ ತಯಾರಿಗೆ ಸಮಯವೇ ಉಳಿಯುತ್ತಿಲ್ಲ.
— ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ನನಗೆ ನೋವಾಯಿತು. ಚೆನ್ನಾಗಿ ದುಡಿಯುವವರಿಗೆ ನಮ್ಮ ವ್ಯವಸ್ಥೆ ಕೊಡುವ ಬಹುಮಾನ ಹೆಚ್ಚುವರಿ ಕೆಲಸ. ಕೆಲವೇ ವರ್ಷಗಳಲ್ಲಿ ಆ ಶಿಕ್ಷಕರು ದಣಿದು ಉಳಿದವರಂತೆಯೇ ಆದಾಗ ‘ಮೊದಲಿನ ಉತ್ಸಾಹ ಈಗಿಲ್ಲ’ ಎನ್ನುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಪರಿಚ್ಛೇದವು ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಶಿಕ್ಷಕರನ್ನು ಬೋಧನೇತರ ಕೆಲಸಗಳಿಗೆ ನಿಯೋಜಿಸಬಾರದೆನ್ನುತ್ತದೆ. ಆ ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ ನಿಜ, ಆದರೆ ಅದರ ಆಶಯ ಒಂಬತ್ತು, ಹತ್ತಕ್ಕೆ ಬೇರೆಯಾಗಲು ಕಾರಣವಿಲ್ಲ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ಸುತ್ತಿದ್ದನ್ನೂ, ಅದಕ್ಕಾಗಿ ದಸರಾ ರಜೆಯನ್ನೇ ವಿಸ್ತರಿಸಿದ್ದನ್ನೂ ನೋಡಿದ್ದೇವೆ. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಪ್ರತಿ ಸಲವೂ ತರಗತಿಯ ಸಮಯವನ್ನೇ ಅದಕ್ಕೆ ತೆರಬೇಕೇ ಎಂಬುದು ನನ್ನ ಪ್ರಶ್ನೆ.

ಚುನಾವಣಾ ಕೆಲಸವನ್ನು ನೀವು ತಪ್ಪಿಸಲಾರಿರಿ, ತಪ್ಪಿಸಲೂಬಾರದು. ಆದರೆ ಶಾಲೆಯೊಳಗಿನ ಜವಾಬ್ದಾರಿಗಳನ್ನು ಶಿಕ್ಷಕರೆಲ್ಲರಿಗೂ ಸರದಿಯಂತೆ ಹಂಚುವುದು ಮುಖ್ಯ ಶಿಕ್ಷಕರ ಅಧಿಕಾರದಲ್ಲಿಯೇ ಇದೆ. ಒಂದು ವಾರದ ನಿಮ್ಮ ಕೆಲಸಗಳನ್ನು ಗಂಟೆವಾರು ಬರೆದು, ಪಾಠದ ತಯಾರಿಗೆ ಉಳಿದ ಸಮಯವನ್ನು ಅದರಲ್ಲಿ ಗುರುತಿಸಿ. ಯಾವ ಎರಡು ಜವಾಬ್ದಾರಿಗಳನ್ನು ಉಳಿಸಿಕೊಳ್ಳಲು ಸಿದ್ಧರಿದ್ದೀರಿ, ಯಾವುದನ್ನು ಬೇರೆಯವರಿಗೆ ವಹಿಸಬೇಕು ಎಂಬುದನ್ನೂ ಸೇರಿಸಿ. ಈ ಬರಹವನ್ನು ವರ್ಷದ ನಡುವೆ ಕೊಡುವುದಕ್ಕಿಂತ ಜೂನ್‌ನಲ್ಲಿ ವೇಳಾಪಟ್ಟಿ ಹಂಚುವ ಶಿಕ್ಷಕರ ಸಭೆಯಲ್ಲಿಯೇ ಮುಖ್ಯ ಶಿಕ್ಷಕರ ಮುಂದಿಡಿ, ಮತ್ತು ಅದು ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ಕೇಳಿಕೊಳ್ಳಿ.